ಭೂಮಿ ತಿರುಗಿಸಿದ ಕಾಕಾ

ಸವದತ್ತಿಯಲ್ಲಿ ಭೂಮಿಯನ್ನು ತಿರುಗಿಸಿದವನು ನಮ್ಮ ಕಾಕಾ. ನಗಬೇಡಿ! ಅವನಿಗಿಂತ ಮೊದಲೂ ಅದು ತಿರುಗುತ್ತಿತ್ತು, ಒಪ್ಪಿದೆ. ನಮ್ಮ ಮನೆಯಲ್ಲಿ ಮಾತ್ರ ನಿಂತೇ ಇತ್ತು. ಪಂಚಾಂಗ ಹೇಳುವ ನಮ್ಮ ಅಜ್ಜ, ಭೂಮಿ ತಿರುಗಿದರೆ ಬಾವಿಯ ನೀರು ಚೆಲ್ಲಬೇಕಲ್ಲ ಎನ್ನುತ್ತಿದ್ದರು. ಕಾಕಾ ಸಾಲಿ ಮಾಸ್ತರ. ಊರ ಮಕ್ಕಳೆಲ್ಲ ಅವನ ಮಾತು ನಂಬುತ್ತಿದ್ದರು, ಹೆತ್ತ ಅಪ್ಪ ಒಬ್ಬರನ್ನು ಬಿಟ್ಟು. ಆ ಒಬ್ಬರನ್ನು ಒಪ್ಪಿಸಬೇಕೆಂಬುದೇ ಅವನ ಜೀವದ ಆಸೆಯಾಗಿತ್ತು.

ಸ್ವಾತಂತ್ರ್ಯ ಬಂದು ಆರೇಳು ವರ್ಷವಾಗಿರಬೇಕು. ಕಾರ್ತಿಕದಲ್ಲಿ ಕಾಕಾ ಎಲ್ಲಿಂದಲೋ ಹಳೆಯ ಕ್ಯಾಮೆರಾ ಕಡ ತಂದ. ಮಾಳಿಗೆಯ ಮೇಲೆ ಧ್ರುವ ನಕ್ಷತ್ರದ ಕಡೆ ಮುಖ ಮಾಡಿಟ್ಟು, ಎರಡು ತಾಸು ಅದರ ಕಣ್ಣು ತೆರೆದೇ ಬಿಟ್ಟರೆ, ಭೂಮಿ ತಿರುಗಿದಂತೆ ಆಕಾಶದ ಚಿಕ್ಕಿಗಳೆಲ್ಲ ಗೆರೆ ಎಳೆಯುತ್ತವಂತೆ. ಅಲುಗಬಾರದೆಂದು ಬೀಸುವ ಕಲ್ಲನ್ನು ಮೇಲಕ್ಕೆ ಹೊತ್ತು, ಕ್ಯಾಮೆರಾವನ್ನು ಅದಕ್ಕೆ ಬಿಗಿದ! ಭೂಮಿ ತಿರುಗಲೆಂದು ಮನೆಮಂದಿಯೆಲ್ಲ ಕೆಳಗೆ ಮಿಸುಕಾಡದೆ ಕೂತೆವು. ಅಷ್ಟರಲ್ಲಿ ಮಾಳಿಗೆಯ ಕೋಲಿಗೆ ಕಟ್ಟಿದ್ದ ಆಕಾಶದೀಪ ಗಾಳಿಗೆ ಆರಿತು. ಕಾರ್ತಿಕದಲ್ಲಿ ಅದು ಆರಬಹುದೇ? ಅಜ್ಜಿ ಸದ್ದಿಲ್ಲದೆ ಹತ್ತಿ ಹೋಗಿ, ಕ್ಯಾಮೆರಾದ ಎದುರಿಗೇ ಹಚ್ಚಿ ಬಂದರು. ಫೋಟೋ ತೊಳೆದರೆ ನಡುವೆ ಒಂದು ಬಿಳಿ ಉಂಡೆ! ಸೂರ್ಯ ನಿಂತಾನ ಅಂತೀಯಲ್ಲ, ಇವನೇ ಏನು ಎಂದು ಅಜ್ಜ ಕೇಳಿದರು.

ಕಾಕಾ ಬಿಡುವವನೇ? ಮರುವಾರ ಅಜ್ಜಿಯನ್ನು ಕಾಡಿ ಬೇಡಿ, ದೀಪವನ್ನು ಅಂಗಳದ ಕಡೆಗೆ ಸರಿಸಿ ಮತ್ತೆ ಹಿಡಿದ. ಈ ಸಲ ಬಂತು ನೋಡಿ, ಚಿಕ್ಕಿಗಳೆಲ್ಲ ಬಳೆಯ ತುಂಡುಗಳಂತೆ ಧ್ರುವನ ಸುತ್ತ ಬಾಗಿದ್ದವು! ಅದನ್ನು ಅಪ್ಪನ ಮುಂದೆ ಹಿಡಿದ.

"ಚಿಕ್ಕಿ ತಿರಗತಾವ ಅಂತ ನಾನೂ ಹೇಳಲಿಕ್ಕೆ ಹತ್ತೇನಲ್ಲೋ. ಇದರಾಗ ಭೂಮಿ ಎಲ್ಲದ?" ಎಂದರು ಅಜ್ಜ.

ನಾವೆಲ್ಲ ನಕ್ಕೆವು. ಕಾಕಾ ನಗಲಿಲ್ಲ. ಧ್ರುವನ ಜಾಗದಲ್ಲಿದ್ದ ಅಕ್ಕಿಕಾಳಿಗಿಂತ ಸಣ್ಣ ಗೆರೆಗೆ ಬೆರಳಿಟ್ಟು, "ಅಪ್ಪಾ, ಇವನೂ ಸರದಾನ ನೋಡ್ರಿ" ಎಂದ. ಅಜ್ಜ ಬಹಳ ಹೊತ್ತು ನೋಡಿದರು. ಸಂಧ್ಯಾವಂದನೆಗೆ ಎದ್ದು ಹೋದರು. ಅಂದು ಕಾಕಾ ಊಟ ಮಾಡಲಿಲ್ಲ.

ತುಳಸಿ ಲಗ್ನ ಮುಗಿದ ಮೇಲೆ ದೇಗಾಂವದಲ್ಲಿ ಅಜ್ಜನೇ ಪುರೋಹಿತರಾಗಿ ಮಾಡಿಸಿದ ಒಂದು ಮದುವೆ. ನಾವೆಲ್ಲ ಹೋಗಿದ್ದೆವು. ಕತ್ತಲಾದ ಮೇಲೆ ವಧೂವರರನ್ನು ಅಂಗಳಕ್ಕೆ ಕರೆದು ಧ್ರುವನನ್ನು ತೋರಿಸಿ, ಅವನಂತೆ ಅಚಲವಾಗಿರಿ ಎಂದು ಹರಸುವುದು ಅವರ ನಲವತ್ತು ವರ್ಷದ ಪಾಠ. ಅಂದು ಮಾತು ಅರ್ಧಕ್ಕೇ ನಿಂತಿತು. ಜನರ ಹಿಂದೆ ನಿಂತಿದ್ದ ಕಾಕಾನನ್ನು ಹುಡುಕಿ ನೋಡಿದರು.

"ಧ್ರುವನೂ ಒಂದೀಟು ಸರೀತಾನ," ಎಂದರು ಅಜ್ಜ, ಎಲ್ಲರಿಗೂ ಕೇಳುವಂತೆ. "ನನಗ ಗೊತ್ತಿರಲಿಲ್ಲ. ನನ್ನ ಮಗ ತೋರಿಸಿದ."