ಕಾಕಾನ ಕಲ್ಲಿನ ಮುಖಗಳು

ನಮ್ಮ ಕಾಕಾನನ್ನು ನೋಡಲು ಹೋಗುವುದಿದ್ದರೆ ಮೂಗು ಮುಚ್ಚಿಕೊಂಡು ಹೋಗಿ. ತಪ್ಪು ತಿಳಿಯಬೇಡಿ, ದಿನಕ್ಕೆ ಎರಡು ಸಲ ಸ್ನಾನ ಮಾಡುವ ಮನುಷ್ಯ ಆತ! ಅಪಾಯವಿರುವುದು ನಿಮ್ಮ ಮೂಗಿಗೇ. ಅದು ತುಸು ನೀಳವಾಗಿ, ನೆಟ್ಟಗೆ ಇದ್ದರಂತೂ ಮುಗಿಯಿತು, ನಿಮ್ಮನ್ನು ಬಿಸಿಲಿನಲ್ಲಿ ನಿಲ್ಲಿಸಿ ಚಿತ್ರ ಬರೆದುಕೊಳ್ಳದೆ ಬಿಡುವುದಿಲ್ಲ.

ಈ ಹುಚ್ಚು ಹತ್ತಿದ್ದು ನನ್ನ ಮೊಬೈಲಿನಿಂದ. ಡ್ರಾಯಿಂಗ್ ಮಾಸ್ತರಿಕೆಯಿಂದ ನಿವೃತ್ತನಾದ ಕಾಕಾ ಮಸ್ಕಿಯ ತನ್ನ ಮನೆಯಲ್ಲಿ ಮಕ್ಕಳಿಗೆ ಬೇಸಿಗೆ ಕ್ಲಾಸು ನಡೆಸುತ್ತಿದ್ದ. ಒಂದು ದಿನ ಆತನಿಗೆ ಈಸ್ಟರ್ ದ್ವೀಪದ ಫೋಟೊ ತೋರಿಸಿದೆ. ಮಹಾಸಾಗರದ ನಡುವೆ ಪಾಲಿನೇಷಿಯಾದ ಹಿಂದಿನ ಜನ ಕೆತ್ತಿ ನಿಲ್ಲಿಸಿದ ದೊಡ್ಡ ದೊಡ್ಡ ಕಲ್ಲಿನ ಮೂರ್ತಿಗಳು. ಉದ್ದ ಮುಖ, ನೀಳ ಮೂಗು, ಉದ್ದ ಕಿವಿ, ಬಿಗಿದ ತುಟಿ. ಕಾಕಾ ಮೊಬೈಲು ಮರಳಿ ಕೊಟ್ಟದ್ದು ಚಾರ್ಜ್ ಮುಗಿದ ಮೇಲೆಯೇ! ಮರುದಿನದಿಂದ ಕ್ಲಾಸಿನಲ್ಲಿ ಎರಡು ಗುಡ್ಡಗಳ ನಡುವೆ ಸೂರ್ಯ ಹುಟ್ಟುವುದು ಬಂದ್ ಆಯಿತು. ಸುತ್ತಲೂ ಇಷ್ಟು ಬಂಡೆಗಲ್ಲು ಇಟ್ಟುಕೊಂಡು ತೆಂಗಿನಮರ ಬರೆಯುತ್ತೀರಲ್ಲ ಎಂದು ಬೈದು, ಎಲ್ಲರ ಕೈಗೂ ಇದ್ದಿಲು ಕೊಟ್ಟು ಆ ಮೂರ್ತಿಗಳನ್ನು ಬರೆಯಲು ಹಚ್ಚಿದ.

ಮಕ್ಕಳೇನು ಕಡಿಮೆಯೇ? ಮೊದಲ ದಿನವೇ ಮೂರ್ತಿಗಳ ಹಣೆಗೆ ವಿಭೂತಿ ಬಂತು, ಕೊರಳಿಗೆ ಹಾರ ಬಿತ್ತು. ಒಬ್ಬ ಹುಡುಗಿ ಮೂರ್ತಿಯ ತಲೆಗೆ ರುಮಾಲು ಸುತ್ತಿದ್ದಳು. ಯಾಕೆಂದು ಕೇಳಿದರೆ, "ಬಿಸಲಾಗ ನಿಂತೈತಲ್ರೀ ಸರ್" ಎಂದಳು. ಉಳಿದವರು ನಕ್ಕರು. ಕಾಕಾ ಮಾತ್ರ ಕುಣಿಯುವುದೊಂದು ಬಾಕಿ. ಅಲ್ಲಿಯ ಕೆಲವು ಮೂರ್ತಿಗಳ ತಲೆಯ ಮೇಲೂ ಕೆಂಪು ಕಲ್ಲಿನ ಟೊಪ್ಪಿಗೆ ಇದೆಯಂತೆ! ಅಂದು ಆ ಹುಡುಗಿಗೆ ಒಂದು ಮಿರ್ಚಿ ಭಜಿ ಹೆಚ್ಚು ಸಿಕ್ಕಿತು.

ಮಿರ್ಚಿ ಎಂದೆನಲ್ಲ, ಕ್ಲಾಸು ನಡೆಯುತ್ತಿದ್ದುದೇ ಅದರ ಮೇಲೆ. ಕಾಕಾನ ಹೆಂಡತಿ, ನಮ್ಮ ಕಕ್ಕಿ, ಕ್ಲಾಸು ಮುಗಿಯುವ ಹೊತ್ತಿಗೆ ಎಲ್ಲರಿಗೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಿಕೊಡುತ್ತಿದ್ದಳು. ಮಕ್ಕಳು ಕಲೆಗಾಗಿ ಬರುತ್ತಾರೆಂದು ಊರಿನಲ್ಲಿ ನಂಬಿದವನು ಕಾಕಾ ಒಬ್ಬನೇ. ಆಮೇಲೆ ಕಕ್ಕಿ ಓಣಿಗೆ ಮುಖಮಾಡಿ ಕಟ್ಟೆಯ ಮೇಲೆ ಕೂರುವಳು. ಯಾರ ಮಗು ಬಿದ್ದಿತು, ಯಾರ ಎಮ್ಮೆ ಹಗ್ಗ ಹರಿಯಿತು, ಆಕೆಗೇ ಮೊದಲು ಗೊತ್ತು. ಕಾಕಾ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಹೊರಟರೆ ಇನ್ನೊಂದನ್ನು ಕೂಗಿ ಕೊಡುವವಳೂ ಆಕೆಯೇ. ಒಮ್ಮೆ ಬಣ್ಣ ತರಲು ಸಿಂಧನೂರಿಗೆ ಹೊರಟ ಕಾಕಾ, ನೆಟ್ಟನೆ ಮೂಗಿನ ಕಂಡಕ್ಟರನ ಬೆನ್ನುಹತ್ತಿ ಲಿಂಗಸುಗೂರಿನ ಬಸ್ಸು ಹತ್ತಿಬಿಟ್ಟ. ಅಲ್ಲಿ ಇಳಿದು, ಸಿಂಧನೂರಿನಲ್ಲಿ ಬಣ್ಣದ ಅಂಗಡಿಯೇ ಮಾಯವಾಗಿದೆ ಎಂದು ಮನೆಗೆ ಫೋನು ಮಾಡಿದ! ಕಕ್ಕಿ ಗಾಬರಿಯಾಗಲಿಲ್ಲ.

"ಮೊದಲ ಎದುರಿಗಿನ ಬೋರ್ಡ್ ಓದ್ರಿ" ಎಂದಳು.

ಇಂಥ ಕಕ್ಕಿಯ ಮುಖ ಉದ್ದ, ಬೆಂಡೋಲೆಯ ಭಾರಕ್ಕೆ ಕಿವಿಯೂ ಉದ್ದ. ಕಾಕಾನಿಗೆ ಬೇರೆ ಮಾದರಿ ಯಾಕೆ ಬೇಕು? ಆಕೆಗೆ ಒಂದು ಮಾತೂ ಹೇಳದೆ ಮಕ್ಕಳನ್ನು ಕಟ್ಟೆಯ ಎದುರು ಕೂರಿಸಿ ಆಕೆಯನ್ನೇ ಬರೆಸಿದ. ಸಾಲದೆಂದು, ತಾನು ಕುರ್ಚಿ ಹಾಕಿಕೊಂಡು ಕೂರುವ ಬೇವಿನ ಮರದ ಪಕ್ಕದ ಗೋಡೆಗೆ ಆಳೆತ್ತರದ ಮುಖ ಬರೆದ, ಎದೆಯ ಕೆಳಗೆಲ್ಲ ಮಣ್ಣು. ಕಣ್ಣಿನ ಜಾಗ ಮಾತ್ರ ಖಾಲಿ. ನಾವು ದೇವಿಗೆ ಬೆಳ್ಳಿಯ ಕಣ್ಣು ಕೂಡಿಸುವ ಹಾಗೆ ಆ ದ್ವೀಪದಲ್ಲಿಯೂ ಕಣ್ಣು ಕೂಡಿಸುವುದು ಕಡೆಗೇ ಅಂತೆ. ಅಷ್ಟರಲ್ಲಿ ಕಕ್ಕಿ ಬಂದಳು. ಗೋಡೆಯ ಮೇಲೆ ತನ್ನ ಬೆಂಡೋಲೆಯ ಗುರುತು ಹಿಡಿದಳು.

"ಕುರುಡಿ ಮಾಡಿ, ಎದಿಮಟ ಹುಗದು ನಿಂದರಿಸ್ಯಾರ ನನ್ನ" ಎಂದವಳೇ ಹೋಗಿ ಒಲೆ ಆರಿಸಿದಳು.

ಮಿರ್ಚಿ ನಿಂತಿತು. ವಾರದೊಳಗೆ ಕ್ಲಾಸಿನಲ್ಲಿ ರುಮಾಲಿನ ಹುಡುಗಿ ಒಬ್ಬಳೇ ಉಳಿದಳು. ಕಕ್ಕಿ ಕಟ್ಟೆಗೂ ಬರಲಿಲ್ಲ, ಕಾಕಾನೊಡನೆ ಮಾತೂ ಆಡಲಿಲ್ಲ. ಕಾಕಾ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಅದು ಹೋಗಲಿ, ಎದುರಿಗೆ ಬಂದವರ ಮೂಗು ನೋಡುವುದನ್ನೂ ಬಿಟ್ಟ! ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಕೊನೆಗೊಂದು ಸಂಜೆ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಗೋಡೆಗೆ ಹೇಳುವವನಂತೆ ಹೇಳಿದ: "ಆ ಮೂರ್ತಿಗಳು ಸಮುದ್ರ ನೋಡಂಗಿಲ್ಲ. ಸಮುದ್ರಕ್ಕ ಬೆನ್ನ ಮಾಡಿ, ತಮ್ಮ ಮಂದೀನ ಕಾಯ್ಕೊಂತ ನಿಂತಾವ. ಅಂಥಾ ಮಕ ಈ ಊರಾಗ ನನಗ ನಿಂದೊಂದ ಕಂಡದ್ದು."

ಮರುದಿನ ಒಗ್ಗರಣೆಯ ವಾಸನೆ ಓಣಿಗೆಲ್ಲ ಹರಡಿತು. ಮಕ್ಕಳಿಗೆ ಕಲೆಯ ಮೇಲಿನ ಪ್ರೀತಿ ಆ ಕ್ಷಣವೇ ಮರಳಿ ಬಂತು!

ಎಲ್ಲರ ತಟ್ಟೆ ತುಂಬಿದ ಮೇಲೆ ಕಕ್ಕಿ ಸೆರಗಿಗೆ ಕೈ ಒರೆಸಿಕೊಂಡು ಇದ್ದಿಲು ಕೇಳಿದಳು. ದಿನಾ ರಂಗೋಲಿ ಹಾಕುವ ಕೈ. ಗೋಡೆಯ ಮುಖಕ್ಕೆ ಎರಡು ಕಣ್ಣು ಸಲೀಸಾಗಿ ಮೂಡಿದವು. ಆದರೆ ಕಣ್ಣುಗುಡ್ಡೆಗಳು ನಡುವೆ ಇರಲಿಲ್ಲ, ಎರಡೂ ಒಂದೇ ಮಗ್ಗುಲಿಗೆ ಸರಿದಿದ್ದವು. ಊರು ನೋಡಬೇಕಾದ ಮೂರ್ತಿ ಬೇವಿನ ಬುಡ ನೋಡುತ್ತಿದೆಯಲ್ಲ ಎಂದು ರುಮಾಲಿನ ಹುಡುಗಿ ಕೇಳಿದಳು. ನಾವೆಲ್ಲ ಆ ಕಡೆ ತಿರುಗಿದೆವು. ಅಲ್ಲಿ ಕುರ್ಚಿಯಲ್ಲಿ ಕಾಕಾ ಕುಳಿತಿದ್ದ, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು.

"ಊರು ಕಾಯಾಕ ಮಂದಿ ಐತವ್ವ" ಎಂದಳು ಕಕ್ಕಿ. "ಇವರನ್ನ ಕಾಯಾಕ ನಾ ಒಬ್ಬಾಕಿನ."

ಕಾಕಾ ಅಂದು ಮೂಗು, ಕಿವಿ ಎಲ್ಲ ಬಿಟ್ಟು ಆಕೆಯ ಕಣ್ಣನ್ನೇ ನೋಡುತ್ತ ಕುಳಿತ.