ಮಾವ ತೀರಿಕೊಂಡದ್ದನ್ನು ಖಜಾನೆಗೆ ಹೇಳಿದ್ದು

ಸಾವಿನ ಸುದ್ದಿ ಹೇಳಲು ಕನ್ನಡದಲ್ಲಿ ಎಷ್ಟು ಮಾತುಗಳಿವೆಯೋ ಅಷ್ಟೂ ನನಗೆ ಗೊತ್ತುಂಟು. ಕಾಲವಾದರು, ದೈವಾಧೀನರಾದರು, ಇಹಲೋಕದ ಯಾತ್ರೆ ಮುಗಿಸಿದರು ಎಂದೆಲ್ಲ ಮಕ್ಕಳಿಗೆ ಕಲಿಸಿಯೇ ನಾನು ಸಂಬಳ ತೆಗೆದುಕೊಳ್ಳುವುದು. ಆದರೆ ಎದುರಿಗಿದ್ದವರು ನಗುತ್ತಾ "ಏನು ಸಮಾಚಾರ?" ಎಂದು ಕೇಳಿದರೆ ಸಾಕು, ಅವುಗಳಲ್ಲಿ ಒಂದೂ ನಾಲಗೆಯ ಹತ್ತಿರ ಸುಳಿಯುವುದಿಲ್ಲ. ನಗುವ ಮುಖ ಬಾಡಿಸುವುದು ನನ್ನಿಂದಾಗದ ಕೆಲಸ. ನನ್ನ ಹೆಂಡತಿ ಇದನ್ನು ಹೇಡಿತನ ಎನ್ನುತ್ತಾಳೆ. ನಾನು ದಾಕ್ಷಿಣ್ಯ ಎನ್ನುತ್ತೇನೆ.

ನನ್ನ ಸೋದರಮಾವ ಪೊಲೀಸ್ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಮದರಾಸು ಸರಕಾರ ಹೋಗಿ ಮೈಸೂರು ಸರಕಾರ ಬಂದಾಗ ಊರಲ್ಲಿ ದೊಡ್ಡ ಚರ್ಚೆಯಾಯಿತು. ಮಾವ ಮಾತ್ರ "ಯಾರು ಬಂದರೇನು, ಪೆನ್ಶನ್ ಬರ್ತದಲ್ಲ" ಎಂದು ಮೀಸೆ ತಿರುವಿದರು. ತಿಂಗಳಿಗೊಮ್ಮೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಮಡಂತ್ಯಾರಿನಲ್ಲಿ ಬಸ್ಸು ಹತ್ತಿ, ಪೆನ್ಶನ್ ತರಲು ಬಂಟ್ವಾಳದ ಖಜಾನೆಗೆ ಹೋಗುವುದೆಂದರೆ ಅವರಿಗೆ ಹಬ್ಬ. ಹಾಗೆ ಇದ್ದವರು ಒಂದು ಮಧ್ಯಾಹ್ನ ಗಂಜಿ ಉಂಡು, ಚಾವಡಿಯಲ್ಲಿ ಅಡ್ಡಾದವರು ಏಳಲಿಲ್ಲ. ತುಂಬಿದ ವಯಸ್ಸು, ಯಾರ ಕೈಯಲ್ಲೂ ಒಂದು ಲೋಟ ನೀರು ತರಿಸಿಕೊಳ್ಳದ ಸಾವು. ಉತ್ತರಕ್ರಿಯೆ ಮುಗಿದ ಮರುದಿನ ಅತ್ತೆ ನನ್ನನ್ನು ಕರೆದು, "ಖಜಾನೆಯವರಿಗೆ ತಿಳಿಸಬೇಕಲ್ಲ ಮಗಾ. ಕಾಗದ ಹಾಕುವುದು ಬೇಡ, ಅವರು ನಿಮ್ಮ ಮಾವನ ಪರಿಚಯದವರು. ಹೋಗಿ ಬಾಯಲ್ಲೇ ಹೇಳಿ ಬಾ" ಎಂದರು.

ಖಜಾನೆಯ ಕಿಟಕಿಯಲ್ಲಿ ಗುಮಾಸ್ತ ಪೈಗಳು ಕೂತಿದ್ದರು. ಒಂದೆರಡು ಸಲ ಮಾವನೊಟ್ಟಿಗೆ ಹೋಗಿದ್ದರಿಂದ ಅವರಿಗೆ ನನ್ನ ಗುರುತು ಸಿಕ್ಕಿತು. ನಾನು ಬಾಯಿ ತೆರೆಯುವ ಮೊದಲೇ, "ಓಹೋ ಮಾಸ್ಟ್ರು! ನಮ್ಮ ಹೆಡ್ಡು ಬರಲಿಲ್ಲವಾ? ಮೈಗೆ ಹುಷಾರಿಲ್ಲವಾ?" ಎಂದು ಬಾಯಿ ತುಂಬಾ ನಕ್ಕರು.

"ಇಲ್ಲ, ಈಗ ಅವರಿಗೆ ಯಾವ ತೊಂದರೆಯೂ ಇಲ್ಲ" ಎಂದೆ.

"ಸಂತೋಷ. ಹಾಗಾದರೆ ಬರುವ ತಿಂಗಳು ಬರ್ತಾರಲ್ಲ?"

"ಅವರು ಇನ್ನು ಬರುವುದಿಲ್ಲ."

ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ ಸ್ವಾಮಿ? ಆದರೆ ಪೈಗಳು ಕರುಣಾಳು. "ಪಾಪ, ಈ ವಯಸ್ಸಿನಲ್ಲಿ ಬಸ್ಸಿನ ಕುಲುಕಾಟ ಯಾಕೆ? ಅವರು ಜೀವಂತ ಇದ್ದಾರೆ ಅಂತ ಒಬ್ಬ ದೊಡ್ಡ ಅಧಿಕಾರಿಯಿಂದ ಸರ್ಟಿಫಿಕೇಟು ಬರೆಸಿ ತನ್ನಿ, ಸಾಕು. ನಾನು ನೋಡಿಕೊಳ್ತೇನೆ" ಎಂದು, ಯಾರ ಹತ್ತಿರ ಬರೆಸಬೇಕೆಂಬುದನ್ನೂ ವಿವರವಾಗಿ ತಿಳಿಸಿದರು. ನಾನು ಕೈಮುಗಿದು, "ಉಪಕಾರವಾಯಿತು" ಎಂದು ಹೇಳಿ ಬಂದೆ.

ಮನೆಯಲ್ಲಿ ಅತ್ತೆ ಮೆಟ್ಟಿಲಲ್ಲೇ ಕಾಯುತ್ತಿದ್ದರು. "ಹೇಳಿದೆಯಾ?"

"ಹೇಳಿದೆ. ಆದರೆ ಮಾವ ಬದುಕಿದ್ದಾರೆ ಅಂತ ಬರೆಸಿ ತರಬೇಕಂತೆ."

ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆಂದು ನಾನು ಹೆದರಿದರೆ, ಅವರು ನಗುತ್ತಿದ್ದರು! ಮಾವ ಹೋದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. "ನಾಳೆ ನಾನೇ ಬರ್ತೇನೆ. ನೀನು ಬಸ್ಸು ತೋರಿಸಿದರೆ ಸಾಕು" ಎಂದರು.

ಮರುದಿನ ಅತ್ತೆ ಕಿಟಕಿಯ ಮುಂದೆ ನಿಂತು ಪೆನ್ಶನ್ ಪುಸ್ತಕವನ್ನು ಒಳಗೆ ಇಟ್ಟರು. ಕನ್ನಡ ಅವರಿಗೆ ಅಷ್ಟಕ್ಕಷ್ಟೆ. ತುಳುವಿನಲ್ಲೇ, "ನಮ್ಮ ಯಜಮಾನರು ತೀರಿಹೋದರು. ಹೆಸರು ತೆಗೆಯಿರಿ" ಎಂದರು. ಅಷ್ಟೇ. ಪೈಗಳು ಎದ್ದು ನಿಂತರು. ಕನ್ನಡಕ ತೆಗೆದರು. ಹೊರಗೆ ಬಂದು ಅತ್ತೆಗೆ ಬೆಂಚು ತೋರಿಸಿ ಕೂರಿಸಿದರು. ಜಗಲಿಯಲ್ಲಿದ್ದ ಮುದುಕ ಪೆನ್ಶನುದಾರರೆಲ್ಲ ಸುತ್ತ ಸೇರಿದರು.

"ನಮ್ಮನ್ನು ಪೊಲೀಸರ ಹಾಗೆ ಸಾಲಾಗಿ ನಿಲ್ಲಿಸುತ್ತಿದ್ದರಮ್ಮಾ" ಎಂದರು ಒಬ್ಬರು. "ಇನ್ನು ಯಾರು ಗದರಿಸುವುದು?"

ಪೈಗಳು ತುಸು ಹಿಂಜರಿದು, "ಹೋಟೆಲಿಗೆ ಕರೆದರೆ ಬರುತ್ತಿರಲಿಲ್ಲ. 'ಮನೆಯಲ್ಲಿ ನನ್ನ ಇನ್ಸ್‌ಪೆಕ್ಟರು ಊಟ ಮಾಡದೆ ಕಾಯ್ತಾಳೆ. ಅವಳ ಕೈಯ ಸಾರಿನ ಎದುರು ನಿಮ್ಮ ಹೋಟೆಲು ಯಾವ ಲೆಕ್ಕ?' ಎನ್ನುತ್ತಿದ್ದರು" ಎಂದರು.

ಮನೆಯಲ್ಲಿ ಮಾವ ಸಾರಿಗೆ ಉಪ್ಪು ಕಡಿಮೆ, ಖಾರ ಹೆಚ್ಚು ಎಂಬುದನ್ನು ಬಿಟ್ಟು ಬೇರೆ ಮಾತಾಡಿದ್ದನ್ನು ನಾವು ಯಾರೂ ಕೇಳಿಲ್ಲ. ಅತ್ತೆ ತಲೆ ತಗ್ಗಿಸಿ ಸೆರಗಿನ ಅಂಚನ್ನು ನೀವುತ್ತಾ ಕೂತರು. "ಇದನ್ನು ನನ್ನ ಹತ್ತಿರ ಹೇಳಲಿಕ್ಕೆ ಏನಾಗಿತ್ತು ಆ ಮನುಷ್ಯನಿಗೆ?" ಎಂದರು ಕೊನೆಗೆ. ಮುಖದಲ್ಲಿ ಮಾತ್ರ ಮದುಮಗಳ ಕಳೆ ಬಂದಿತ್ತು. ಬಸ್ಸಿನಲ್ಲಿ ಕೂತ ಮೇಲೆ, "ಪೈಗಳು ಏನು ಹೇಳಿದರು? ಇನ್ನೊಮ್ಮೆ ಹೇಳು" ಎಂದು ಮಡಂತ್ಯಾರು ಬರುವವರೆಗೂ ನನ್ನಿಂದ ಅದನ್ನೇ ಹೇಳಿಸಿದರು. ಅದನ್ನು ಹೇಳುವುದಕ್ಕೆ ನನಗೆ ಒಂದು ಚೂರೂ ಕಷ್ಟವಾಗಲಿಲ್ಲ.

ಈ ಕಥೆ ನೆಂಟರಲ್ಲೆಲ್ಲ ಹಬ್ಬಿತು. ಈಗ ಕುಟುಂಬದಲ್ಲಿ ಯಾರು ತೀರಿಕೊಂಡರೂ, "ಮಾಸ್ಟ್ರನ್ನು ಕಳಿಸಬೇಡಿ ಮಾರಾಯ್ರೆ, ಸತ್ತವರನ್ನು ಬದುಕಿಸಿ ಬರ್ತಾರೆ" ಎನ್ನುತ್ತಾರೆ. ಮದುವೆಯ ಹೇಳಿಕೆಗೆ, ಮಗು ಹುಟ್ಟಿದ ಸುದ್ದಿಗೆ ಮಾತ್ರ ನನಗೆ ಬುಲಾವು. ಮೂಡಬಿದ್ರೆಯವರೆಗೆ ಹೋಗಿ ಹೇಳಿ ಬರುತ್ತೇನೆ. ಹೋದಲ್ಲೆಲ್ಲ ಪಾಯಸ, ಹೋಳಿಗೆ. ಅಸಮರ್ಥನೆಂದು ಹೆಸರು ಪಡೆದು ಇಷ್ಟು ಸುಖವಾಗಿರುವವನು ನಮ್ಮ ಸೀಮೆಯಲ್ಲಿ ಇನ್ನೊಬ್ಬನಿಲ್ಲ; ಮೊನ್ನೆ ಅಂಗಿ ಹೊಲಿಯುವವನೂ ನನ್ನ ಹೊಟ್ಟೆಗೆ ಟೇಪು ಸುತ್ತಿ ನೋಡಿ ಅದನ್ನೇ ಹೇಳಿದ.