ನಮ್ಮ ಹಿತ್ತಲ ಗಲ್ಲಿಗೆ ಸೈಕಲ್ ಹಕ್ಕು

ನನಗೊಂದು ಚಟವಿದೆ. ಇಸ್ಪೀಟೋ ಕುದುರೆ ಬಾಲವೋ ಆಗಿದ್ದರೆ ನನ್ನ ಹೆಂಡತಿ ವಸಂತಾ ನಾಲ್ಕು ಜನರ ಹತ್ತಿರ ಹೇಳಿಕೊಂಡು ಹಗುರಾಗುತ್ತಿದ್ದಳು. ಇದು ಹೇಳಿದರೂ ಯಾರಿಗೂ ಅರ್ಥವಾಗದ ಚಟ. ಯಾರು ಬೇಕಾದರೂ ತಿದ್ದಬಹುದಾದ ಊರಿನ ನಕ್ಷೆಯೊಂದು ಫೋನಿನಲ್ಲಿದೆ. ಅದನ್ನು ತಿದ್ದುತ್ತಾ ಕೂರುವುದು. ಬೀದಿಯ ಗೆರೆ ಎಳೆದರೆ ಸಾಲದು. ಅಲ್ಲಿ ಸೈಕಲ್ಲಿಗೆ ಹಕ್ಕಿದೆಯೇ, ಯಾರೋ ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟಿದ್ದಾರೆಯೇ, ಇಲ್ಲ ಖಾಸಗಿಯೇ ಎಂದೂ ನಮೂದಿಸಬೇಕು. ತ್ಯಾಗರಾಜನಗರದ ನಿವೃತ್ತ ಗುಮಾಸ್ತನಿಗೆ ಇಷ್ಟು ಅಧಿಕಾರ ಇನ್ನೆಲ್ಲಿ ಸಿಗುತ್ತದೆ?

ನಮ್ಮ ಹಿತ್ತಲ ಬಾಗಿಲಿನಾಚೆ ಒಂದು ಇಕ್ಕಟ್ಟು ಗಲ್ಲಿ. ಸಂಜೆ ಸೈಕಲ್ಲಿನಲ್ಲಿ ಹೋಗಿ ಟ್ಯೂಷನ್ ಹೇಳಿಕೊಡುವ ವಸಂತಾಳಿಗೆ ಅದು ಸಲೀಸು ದಾರಿ. ಆದರೂ ಆಕೆ ಮುಖ್ಯರಸ್ತೆಯಲ್ಲೇ ಹೋಗುತ್ತಿದ್ದಳು. ಹೋದ ತಿಂಗಳು ಬಸ್ಸೊಂದು ಸವರಿಕೊಂಡು ಹೋಗಿ, ಮೊಣಕೈ ತರಚಿಸಿಕೊಂಡು ಬಂದಳು. ಅವಳನ್ನು ಕಾಪಾಡಲು ನಾನು ಕೂಡಲೇ ಮಾಡಿದ ಕೆಲಸವೆಂದರೆ, ನಕ್ಷೆಯಲ್ಲಿ ಆ ಗಲ್ಲಿಗೆ 'ಸೈಕಲ್ಲಿಗೆ ಹಕ್ಕಿದೆ' ಎಂದು ಬರೆದದ್ದು.

ಮರುದಿನ ಯಾರೋ ಪುಣ್ಯಾತ್ಮ ಅದನ್ನು 'ಖಾಸಗಿ' ಮಾಡಿದ್ದ. ನಾನು ಬದಲಿಸಿದೆ. ಅವನೂ ಬದಲಿಸಿದ. ಒಂದು ವಾರ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಸಂಧ್ಯಾವಂದನೆಯ ಮಧ್ಯೆಯೂ ಫೋನು ನೋಡಿದೆ. ವಸಂತಾ ಹಿತ್ತಲಿನ ಬಗ್ಗೆ ಏನೋ ಹೇಳುತ್ತಿದ್ದಳು; 'ಹೂಂ' ಎಂದೆ. ಕೊನೆಗೆ ಅವನು ನಕ್ಷೆಯಲ್ಲೇ ಟಿಪ್ಪಣಿ ಬರೆದ: "ಗಲ್ಲಿಯಲ್ಲಿ ಪಕ್ಕದ ಮನೆಯವರ ಸಾಮಾನು ಇದೆ. ಒಂದ್ಸಲ ಹೋಗಿ ನೋಡಿ ಸಾರ್."

"ಇಪ್ಪತ್ತು ವರ್ಷದಿಂದ ಅದರ ಪಕ್ಕದಲ್ಲೇ ಇದ್ದೀನಿ. ನನಗೇ ಹೇಳ್ತೀರಾ?" ಎಂದು ಉತ್ತರಿಸಿ, ಸಾಕ್ಷಿಗೆ ಫೋಟೊ ತೆಗೆಯಲು ಹಿತ್ತಲ ಬಾಗಿಲು ತೆರೆದೆ.

ಗಲ್ಲಿಗೆ ಅಡ್ಡಲಾಗಿ ಒಡೆದ ಟೈಲ್ಸಿನ ಮೂಟೆಗಳು, ತುಕ್ಕು ಹಿಡಿದ ಡ್ರಮ್ಮು, ನಡುವೆ ನಮ್ಮದೇ ಹಳೆಯ ಕಮೋಡು. ಬಚ್ಚಲು ರಿಪೇರಿಯಾದಾಗ 'ನಾಳೆ ಸಾಗಿಸಿದರಾಯಿತು' ಎಂದು ನಾನೇ ಹಾಕಿಸಿದ್ದು. ಕಮೋಡಿನ ಮೇಲೆ ಬೆಕ್ಕೊಂದು ಕೂತಿತ್ತು.

"ಎರಡು ತಿಂಗಳಿಂದ ಬಡ್ಕೋತಿದೀನಲ್ರೀ, ತೆಗೆಸಿ ಅಂತ," ಎಂದಳು ಹಿಂದೆ ಬಂದು ನಿಂತ ವಸಂತಾ. "ಇದಿಲ್ದೇ ಇದ್ದಿದ್ರೆ ನಾನ್ಯಾಕೆ ಆ ಬಸ್ಸಿನ ಬಾಯಿಗೆ ಹೋಗ್ತಿದ್ದೆ?"

ನನಗೆ ನಾಚಿಕೆಯಾಯಿತು. ಸಂಜೆಯೊಳಗೆ ಆಳುಗಳನ್ನು ಕರೆಸಿ ಎಲ್ಲ ಸಾಗಿಸಿದೆ. ವಸಂತಾ ಗಂಟೆ ಬಾರಿಸುತ್ತಾ ಗಲ್ಲಿಯಲ್ಲೇ ಹೊರಟಳು. ಕಣ್ಮರೆಯಾಗುವವರೆಗೂ ನೋಡಿ, ನಕ್ಷೆ ತಿದ್ದಲು ಫೋನು ತೆಗೆದೆ. ಪುಣ್ಯಾತ್ಮ ಆಗಲೇ ತಿದ್ದಿಬಿಟ್ಟಿದ್ದ: "ಈಗ ಸೈಕಲ್ ಹೋಗುತ್ತೆ. ಥ್ಯಾಂಕ್ಸ್ ಸಾರ್."

ಸುತ್ತಲಿನ ಕಿಟಕಿಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಅವನ ಕಿಟಕಿ ಯಾವುದೆಂದು ಇವತ್ತಿಗೂ ಗೊತ್ತಾಗಿಲ್ಲ. ಹಿತ್ತಲಿಗೆ ಹೋಗುವಾಗ ಮಾತ್ರ ಈಗ ಪಂಚೆ ಸರಿಯಾಗಿ ಉಟ್ಟುಕೊಂಡೇ ಹೋಗುತ್ತೇನೆ.